ಸರ್ಕಾರಿ ದಾಖಲೆ: ಕೇಳಿ ಪಡೆಯುವ ಕ್ರಮ

ಊರ ಕೆರೆಯ ಹೂಳು ತೆಗೆದಾಯಿತೆಂದು ಕಡತ ಹೇಳುತ್ತದೆ. ಕೆರೆಯಲ್ಲಿ ಹೂಳು ಹಾಗೆಯೇ ಇರುತ್ತದೆ. ಇಂತಹ ಸಂದರ್ಭದಲ್ಲಿ ಬಾಯಿಮಾತಿನ ದೂರಿಗಿಂತ ದಾಖಲೆಯ ನಕಲಿಗೆ ಬೆಲೆ ಹೆಚ್ಚು.

ಇದನ್ನು ರಾಜಸ್ಥಾನದ ಹಳ್ಳಿಗರು ಚೆನ್ನಾಗಿ ಅರಿತಿದ್ದರು. ಬರ ಪರಿಹಾರದ ಕಾಮಗಾರಿಗಳಲ್ಲಿ ಪೂರ್ಣ ಕೂಲಿ ಸಿಗದ ಅಲ್ಲಿನ ಜನ, ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಮೂಲಕ 1994ರಿಂದ ಬಹಿರಂಗ ವಿಚಾರಣೆಗಳನ್ನು ನಡೆಸಿ, ಹಾಜರಿ ಪಟ್ಟಿ ಹಾಗೂ ಬಿಲ್ಲುಗಳನ್ನು ಊರವರ ಮುಂದೆ ಓದಿಸಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತರು.

ಮುಂದೆ ತಮಿಳುನಾಡು 1997ರಲ್ಲಿ, ಕರ್ನಾಟಕ 2000ದಲ್ಲಿ ಮಾಹಿತಿ ಕಾಯ್ದೆಗಳನ್ನು ಮಾಡಿದವು. ಕೇಂದ್ರದ 2002ರ ಕಾಯ್ದೆ ಜಾರಿಗೇ ಬರಲಿಲ್ಲ. ಅದರ ಬದಲು ಬಂದ ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಯಾಯಿತು. ಗಡುವು ಮತ್ತು ದಂಡ ಎರಡೂ ಇರುವುದೇ ಇದರ ಬಲ.

ರೈತರು ಅನುಸರಿಸಬೇಕಾದ ಕ್ರಮ ಹೀಗಿದೆ:

1. ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕಾರಣ ತಿಳಿಸಬೇಕಾಗಿಲ್ಲ.

2. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಸಾಮಾನ್ಯವಾಗಿ 150 ಪದ ಮೀರಬಾರದು.

3. "ಕೆಲಸ ಏಕೆ ಸರಿಯಾಗಿಲ್ಲ?" ಎಂದು ಕೇಳಿದರೆ ಪ್ರಯೋಜನ ಕಡಿಮೆ. ಅಂದಾಜು ಪಟ್ಟಿ, ಅಳತೆ ಪುಸ್ತಕ, ಹಾಜರಿ ಪಟ್ಟಿ, ಪಾವತಿ ಬಿಲ್ಲು ಎಂದು ದಾಖಲೆಯ ಹೆಸರು ಮತ್ತು ವರ್ಷವನ್ನು ನಮೂದಿಸಿ ನಕಲು ಕೇಳಬೇಕು. ಕಾಮಗಾರಿಯನ್ನು ಪರಿಶೀಲಿಸುವುದಕ್ಕೂ ಸಾಮಗ್ರಿಯ ಮಾದರಿ ಪಡೆಯುವುದಕ್ಕೂ ಹಕ್ಕುಂಟು.

4. ಉತ್ತರಕ್ಕೆ 30 ದಿನಗಳ ಗಡುವಿದೆ. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಾಗಿಲ್ಲದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿಯನ್ನೂ, ಅನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದನ್ನೂ ಸಲ್ಲಿಸಬಹುದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿವರೆಗೆ ಆಯೋಗ ದಂಡ ವಿಧಿಸುತ್ತದೆ.

ಇತರರ ವೈಯಕ್ತಿಕ ವಿವರಗಳ ವಿಷಯದಲ್ಲಿ ಮಿತಿಯಿದೆ. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯು ಈ ಮಿತಿಯನ್ನು ಇನ್ನಷ್ಟು ಬಿಗಿಗೊಳಿಸಿದೆ. ಆದ್ದರಿಂದ ವ್ಯಕ್ತಿಗಿಂತ ಕಾಮಗಾರಿಯನ್ನು ಕುರಿತು ಕೇಳುವುದು ಲೇಸು.

ಅರ್ಜಿಯ ಪ್ರತಿ ಮತ್ತು ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ದೊರೆತ ನಕಲನ್ನು ಪೆಟ್ಟಿಗೆಯಲ್ಲಿಡದೆ, ಕೆರೆಯ ಅಳತೆಯೊಡನೆ ತಾಳೆನೋಡಿ, ಗ್ರಾಮಸಭೆಯಲ್ಲಿ ಓದಿದರೆ ಊರಿಗೆಲ್ಲ ಉಪಯೋಗವಾಗುತ್ತದೆ.