ಮೊಟ್ಟೆಯೊಳಗಿನ ಹೃದಯ

ಹಾರುವ ಹಕ್ಕಿಗೆ ಬಲವಾದ ಹೃದಯ ಬೇಕು. ರೆಕ್ಕೆ ಬಡಿಯುವ ಸ್ನಾಯುಗಳಿಗೆ ಕ್ಷಣಕ್ಷಣವೂ ಆಮ್ಲಜನಕ ಹೊತ್ತ ರಕ್ತ ದೊರೆಯಬೇಕು. ಆದುದರಿಂದಲೇ ಹಕ್ಕಿಯ ಹೃದಯವು ಅದೇ ಗಾತ್ರದ ಸಸ್ತನಿಯ ಹೃದಯಕ್ಕಿಂತ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ. ಈ ಹೃದಯವು ರೂಪುಗೊಳ್ಳುವುದು ಮೊಟ್ಟೆಯ ಚಿಪ್ಪಿನೊಳಗೆ. ಚಿಪ್ಪು ಮರಿಯನ್ನು ಹೊರಗಿನ ಪೆಟ್ಟಿನಿಂದ ಕಾಪಾಡುತ್ತದೆ. ಆದರೆ ತಾಯಿಯ ದೇಹದಿಂದಲೇ ಒಳಗೆ ಸೇರಿದ ವಿಷದಿಂದ ಕಾಪಾಡಲಾರದು.

ಕೋಳಿಮೊಟ್ಟೆಗೆ ಕಾವು ದೊರೆತ ಎರಡನೆಯ ದಿನದಲ್ಲಿಯೇ ಭ್ರೂಣದ ಹೃದಯ ಮಿಡಿಯತೊಡಗುತ್ತದೆ. ಆಗ ಅದು ಒಂದು ಸರಳವಾದ ನಾಳ ಮಾತ್ರ. ಕ್ರಮೇಣ ಆ ನಾಳವು ಬಾಗಿ, ಒಳಗೆ ಗೋಡೆಗಳೆದ್ದು, ಎರಡು ಹೃತ್ಕರ್ಣಗಳೂ ಎರಡು ಹೃತ್ಕುಕ್ಷಿಗಳೂ ಉಳ್ಳ ಹೃದಯವಾಗುತ್ತದೆ. ವಾಸವಿದ್ದುಕೊಂಡೇ ಮನೆ ಕಟ್ಟುವಂತೆ, ಮಿಡಿಯುತ್ತಲೇ ಹೃದಯವು ತನ್ನನ್ನು ಕಟ್ಟಿಕೊಳ್ಳುತ್ತದೆ. ಈ ಹಂತದಲ್ಲಿ ಒದಗಿದ ಕೇಡನ್ನು ಮುಂದೆ ಸರಿಪಡಿಸುವುದು ಕಷ್ಟ.

1957ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಲಕ್ಷಾಂತರ ಸಾಕುಕೋಳಿ ಮರಿಗಳು ಸತ್ತವು. ಅವುಗಳ ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿತ್ತು. ಮೇವಿಗೆ ಬೆರೆಸಿದ ಕೊಬ್ಬಿನಲ್ಲಿದ್ದ ಡಯಾಕ್ಸಿನ್ ವರ್ಗದ ವಿಷವೇ ಇದಕ್ಕೆ ಕಾರಣವೆಂದು ಅನಂತರ ತಿಳಿದುಬಂದಿತು. 1970ರ ದಶಕದ ಆರಂಭದಲ್ಲಿ ಕಾಡುಹಕ್ಕಿಗಳಲ್ಲಿಯೂ ಇಂಥದೇ ಚಿಹ್ನೆಗಳು ಕಾಣಿಸಿದವು. ಅಮೆರಿಕ, ಕೆನಡಗಳ ನಡುವಣ ಆಂಟೇರಿಯೊ ಸರೋವರದಲ್ಲಿ ಹೆರಿಂಗ್ ಗಲ್ ಎಂಬ ಕಡಲಹಕ್ಕಿಗಳ ಮೊಟ್ಟೆಗಳು ಒಡೆಯದೆ ಉಳಿದವು. ಹುಟ್ಟಿದ ಮರಿಗಳಲ್ಲಿ ಹಲವು ನೀರುಬಾವಿನಿಂದಲೂ ಅಂಗವಿಕಾರಗಳಿಂದಲೂ ಬಳಲಿದವು.

ಯಾರೂ ಮೇವು ಹಾಕದ ಈ ಹಕ್ಕಿಗಳನ್ನು ವಿಷವು ತಲಪಿದ ಬಗೆ ಹೇಗೆ? ಡಯಾಕ್ಸಿನ್‌ಗಳೂ, ವಿದ್ಯುತ್ ಉಪಕರಣಗಳಲ್ಲಿ ಬಳಸಲಾಗುತ್ತಿದ್ದ ಪಾಲಿಕ್ಲೋರಿನೇಟೆಡ್ ಬೈಫಿನೈಲ್‌ಗಳೂ ಸುಲಭವಾಗಿ ಕೊಳೆಯುವುದಿಲ್ಲ. ನೀರಿನಲ್ಲಿ ಕರಗದಿದ್ದರೂ ಕೊಬ್ಬಿನಲ್ಲಿ ಕರಗುತ್ತವೆ. ಹೊಳೆಯ ಕೆಸರಿನಿಂದ ಹುಳುಗಳಿಗೂ ಮೀನುಗಳಿಗೂ, ಅವುಗಳಿಂದ ತಾಯಿಹಕ್ಕಿಗೂ, ಕೊನೆಗೆ ಕೊಬ್ಬು ತುಂಬಿದ ಹಳದಿ ಲೋಳೆಗೂ ಇವು ಸೇರುತ್ತವೆ. ಭ್ರೂಣಕ್ಕೆ ಅದೇ ಆಹಾರ.

ಭ್ರೂಣದ ಜೀವಕೋಶಗಳಲ್ಲಿರುವ ಒಂದು ಗ್ರಾಹಕ ಪ್ರೋಟೀನಿಗೆ ಈ ವಿಷವು ಅಂಟಿಕೊಂಡು, ಬೆಳವಣಿಗೆಯ ಕ್ರಮವನ್ನು ಕೆಡಿಸುತ್ತದೆ. ಪ್ರಯೋಗಶಾಲೆಯಲ್ಲಿ ಡಯಾಕ್ಸಿನ್‌ಗೆ ಒಳಗಾದ ಕೋಳಿಭ್ರೂಣಗಳಲ್ಲಿ ಹೃತ್ಕುಕ್ಷಿಗಳು ಹಿಗ್ಗಿ, ಗೋಡೆ ತೆಳುವಾಗಿ, ಹೃದಯಕ್ಕೆ ರಕ್ತವೀಯುವ ನಾಳಗಳು ಕುಂಠಿತವಾದುದು ಕಂಡುಬಂದಿದೆ. ಆದರೆ ಎಲ್ಲ ಹಕ್ಕಿಗಳೂ ಸಮಾನವಾಗಿ ನರಳುವುದಿಲ್ಲ. ಆ ಪ್ರೋಟೀನಿನ ಕೇವಲ ಎರಡು ಅಮೈನೋ ಆಮ್ಲಗಳ ವ್ಯತ್ಯಾಸವೇ ಇದಕ್ಕೆ ಮುಖ್ಯ ಕಾರಣ. ಕೋಳಿಗೆ ಮಾರಕವಾಗುವ ಪ್ರಮಾಣವನ್ನು ಬಾತು ತಾಳಬಲ್ಲದು. ಆದಕಾರಣ ಒಂದು ಜಾತಿಗೆ ನಿರಪಾಯವೆಂದು ಕಂಡ ಪ್ರಮಾಣ ಮತ್ತೊಂದಕ್ಕೂ ನಿರಪಾಯವೆಂದು ತಿಳಿಯಲಾಗದು.

ಸಾಯದೆ ಉಳಿದ ಮರಿಗಳ ಸ್ಥಿತಿಯೇನು? ಅಮೆರಿಕದ ಇಂಡಿಯಾನ ಸಂಸ್ಥಾನದ ಬ್ಲೂಮಿಂಗ್ಟನ್ ಮತ್ತು ಬೆಡ್‌ಫರ್ಡ್ ನಗರಗಳ ಸುತ್ತಲಿನ ಕಲುಷಿತ ನೆಲೆಗಳಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಲಾಯಿತು. ಗೂಡುಗಳಿಂದ ತಂದ 280ಕ್ಕೂ ಹೆಚ್ಚು ಮರಿಗಳ ಹೃದಯಗಳನ್ನು ತೂಗಿ, ಅಳೆದು ನೋಡಿದ ವರದಿ 2006ರಲ್ಲಿ ಪ್ರಕಟವಾಯಿತು. ಟ್ರೀ ಸ್ವಾಲೋ ಎಂಬ ಅಂಬರಗುಬ್ಬಿಯಲ್ಲಿಯೂ ಹೌಸ್ ರೆನ್ ಎಂಬ ಪುಟ್ಟ ಹಕ್ಕಿಯಲ್ಲಿಯೂ, ಹೆಚ್ಚು ಕಲುಷಿತವಾದ ನೆಲೆಗಳ ಮರಿಗಳ ಹೃದಯವು ದೇಹತೂಕಕ್ಕೆ ಹೋಲಿಸಿದಾಗ ಹಗುರವಾಗಿತ್ತು. ಹೃದಯದ ಆಕಾರದಲ್ಲಿಯೂ ವ್ಯತ್ಯಾಸಗಳಿದ್ದವು. ಹೊರಗಿನಿಂದ ನೋಡುವವರಿಗೆ ಗೂಡಿನಲ್ಲಿ ಬಾಯ್ದೆರೆದು ಕುಳಿತ ಮರಿಗಳಷ್ಟೇ ಕಾಣುತ್ತವೆ. ಹೃದಯದ ಕೊರತೆ ಕಾಣುವುದಿಲ್ಲ.

ಪಾಲಿಕ್ಲೋರಿನೇಟೆಡ್ ಬೈಫಿನೈಲ್‌ಗಳ ತಯಾರಿಕೆಯನ್ನು ಅಮೆರಿಕವು 1979ರಲ್ಲಿ ನಿಷೇಧಿಸಿತು. 2001ರ ಸ್ಟಾಕ್‌ಹೋಮ್ ಒಪ್ಪಂದವು ಇಂತಹ ವಿಷಗಳ ನಿಯಂತ್ರಣವನ್ನು ಜಗತ್ತಿನ ಹೊಣೆಯನ್ನಾಗಿಸಿತು. ಭಾರತವು 2006ರಲ್ಲಿ ಅದಕ್ಕೆ ಸೇರಿತು. ವಿಷದ ಪ್ರಮಾಣ ಇಳಿದಂತೆ ಆಂಟೇರಿಯೊ ಸರೋವರದ ಕಡಲಹಕ್ಕಿಗಳು ಮತ್ತೆ ಮರಿಗಳನ್ನು ಬೆಳೆಸತೊಡಗಿದವು. ಆದರೆ ಹಿಂದೆ ಸುರಿದ ವಿಷ ಹಲವು ನದಿ, ಸರೋವರಗಳ ಕೆಸರಿನಲ್ಲಿ ಇನ್ನೂ ಉಳಿದಿದೆ. ಒಂದು ತಲೆಮಾರು ನೀರಿಗೆ ಸುರಿದುದರ ಫಲವನ್ನು ಇನ್ನೂ ಕಣ್ಣು ತೆರೆಯದ ಮರಿಗಳು ಉಣ್ಣಬೇಕಾಗುತ್ತದೆ. ನೀರನ್ನು ಶುದ್ಧವಾಗಿಡುವುದೆಂದರೆ ಮುಂದೆ ಹುಟ್ಟಲಿರುವ ಜೀವಗಳನ್ನು ಕಾಯುವುದೇ ಆಗಿದೆ.