ಮೂವತ್ತಾರು ಜೂಲು ಎಲ್ಲಿ ಹೋಯಿತು?

ನಾವು ಬಿ.ಎ. ಓದಿದವರು, ಓದಿದ್ದು ಇತಿಹಾಸ. ಹೊಟ್ಟೆಗೆ ದಾರಿಯಾದುದು ಮುಂಬಯಿಯ ಒಂದು ಸರಕಾರಿ ಕಚೇರಿಯ ಲೆಕ್ಕಪತ್ರದ ಮೇಜು. ಇಂಥ ನಮ್ಮ ಮುಂದೆ ಕಳೆದ ವರ್ಷ ಗಣೇಶ ಚೌತಿ ಮುಗಿದ ವಾರ ಅಕ್ಕನ ಮಗ ಒಂದು ಅರ್ಜಿಯನ್ನು ತಂದಿಟ್ಟ. ವಿಜ್ಞಾನವನ್ನು ಬಿಟ್ಟು ವಾಣಿಜ್ಯಕ್ಕೆ ಸೇರಲು ಪೋಷಕರ ಸಹಿ ಬೇಕಂತೆ. ಈ ಊರಿನಲ್ಲಿ ಅವನ ಪೋಷಕರು ನಾವೇ.

“ವಾಣಿಜ್ಯದ ಮೇಲೆ ಪ್ರೀತಿಯೇನಪ್ಪಾ?” ಎಂದೆವು.

“ಇಲ್ಲ ಮಾಮಾ, ಭೌತಶಾಸ್ತ್ರದ ಮೇಲೆ ಭಯ.”

ಧಾರವಾಡದ ಅಕ್ಕ ಹುಡುಗನನ್ನು ಹನ್ನೊಂದನೆಯ ತರಗತಿಗೆ ನಮ್ಮಲ್ಲಿ ಬಿಟ್ಟದ್ದೇ ವಿಜ್ಞಾನ ಓದಲಿ ಎಂದು. ಪ್ರೀತಿಯಿಂದ ಕೇಳಿದ್ದರೆ ಅಂದೇ ಸಹಿ ಹಾಕುತ್ತಿದ್ದೆವು. ಭಯಕ್ಕೆ ಸಹಿ ಹಾಕಲು ಕೈ ಬರಲಿಲ್ಲ. “ಒಂದು ವಾರ ತಡೆ. ತಪ್ಪಿದ ಲೆಕ್ಕ ಒಂದನ್ನು ತೋರಿಸು” ಎಂದು ಅರ್ಜಿಯನ್ನು ಮೇಜಿನ ಖಾನೆಗೆ ಸೇರಿಸಿದೆವು.

ಲೆಕ್ಕ ಹೀಗಿತ್ತು: 2 ಕಿಲೋಗ್ರಾಂ ತೂಗುವ ಒಂದು ಕಟ್ಟಿಗೆಯ ತುಂಡು 5 ಮೀಟರ್ ಎತ್ತರದ ಇಳಿಜಾರಿನ ತುದಿಯಲ್ಲಿ ನಿಂತಿದೆ. ಅಲ್ಲಿಂದ ಜಾರಿ ಕೆಳಗೆ ಬಂದಾಗ ಅದರ ವೇಗ ಸೆಕೆಂಡಿಗೆ 8 ಮೀಟರ್. ಘರ್ಷಣೆಗೆ ಹೋದ ಶಕ್ತಿ ಎಷ್ಟು? ಗುರುತ್ವದ ಬೆಲೆ 10 ಎಂದು ಹಿಡಿಯತಕ್ಕದ್ದು.

ಹುಡುಗ ಎತ್ತರದಲ್ಲಿರುವ ಸ್ಥಿತಿಶಕ್ತಿ 2 × 10 × 5, ಅಂದರೆ 100 ಜೂಲು ಎಂದು ಬರೆದಿದ್ದ, ಸರಿ. ಅದರ ಕೆಳಗೆ ‘ಗುರುತ್ವ ಮಾಡಿದ ಕೆಲಸ’ ಎಂದು ಇನ್ನೊಂದು 100 ಸೇರಿಸಿದ್ದ. ಕೆಳಗಿನ ಚಲನಶಕ್ತಿ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವ 64 ಜೂಲು. ಇನ್ನೂರರಲ್ಲಿ ಅದನ್ನು ಕಳೆದು, ಘರ್ಷಣೆ 136 ಜೂಲು ನುಂಗಿತೆಂದು ಉತ್ತರ ಕೊಟ್ಟಿದ್ದ. ಪುಸ್ತಕದ ಹಿಂದೆ ಇದ್ದುದು 36.

ಭೌತಶಾಸ್ತ್ರ ನಮಗೆ ತಿಳಿಯದಿದ್ದರೂ ಇಂಥ ತಪ್ಪು ನಮ್ಮ ಹಳೆಯ ಪರಿಚಯ. “ಈ ನೂರೂ ಆ ನೂರೂ ಬೇರೆ ಬೇರೆ ಹಣವೋ, ಒಂದೇ ಹಣವೋ?” ಎಂದು ಕೇಳಿದೆವು. ಅವನು ಬಹಳ ಹೊತ್ತು ಯೋಚಿಸಿ, “ಒಂದೇ. ಗುರುತ್ವದ ಕೆಲಸಕ್ಕೇ ಸ್ಥಿತಿಶಕ್ತಿ ಎಂದು ಹೆಸರು” ಎಂದ. ಅಂದರೆ ಒಂದೇ ರಸೀತಿಯನ್ನು ಎರಡು ಸಲ ಜಮಾ ಹಿಡಿದಿದ್ದ!

ಅಂದಿನಿಂದ ನಮ್ಮ ಮನೆಯಲ್ಲಿ ಭೌತಶಾಸ್ತ್ರಕ್ಕೂ ಖಾತೆ ಪುಸ್ತಕ ಬಂತು. ಮೊದಲು ಚಿತ್ರ, ಆಮೇಲೆ ಆರಂಭದ ಶಿಲ್ಕು, ಕೊನೆಯ ಶಿಲ್ಕು, ನಡುವೆ ಘರ್ಷಣೆಯ ಖರ್ಚು. ಸ್ಥಿತಿಶಕ್ತಿ ಠೇವಣಿಯಿದ್ದಂತೆ: ಎಷ್ಟು ಎತ್ತರಕ್ಕೆ ಹೊತ್ತೆವು ಎಂಬುದಷ್ಟೇ ಮುಖ್ಯ, ಇಳಿದರೆ ಪೂರ್ತಿ ಮರಳುತ್ತದೆ. ಘರ್ಷಣೆ ಹಾಗಲ್ಲ. ಹೋಗುವಾಗಲೂ ಸುಂಕ, ಬರುವಾಗಲೂ ಸುಂಕ. ದಾರಿ ಉದ್ದವಾದಷ್ಟೂ ಸುಂಕ ಹೆಚ್ಚು. ಘರ್ಷಣೆಯ ಬಲವನ್ನು ನಡೆದ ದೂರದಿಂದ ಗುಣಿಸಿದರೆ ಆ ಖರ್ಚು ಸಿಗುತ್ತದೆ.

ಆದರೆ ಖರ್ಚಾದ ಹಣವೂ ಯಾರದೋ ಕೈ ಸೇರಿರಲೇಬೇಕಲ್ಲ! 1798ರಲ್ಲಿ ರಮ್‌ಫರ್ಡ್ ಎಂಬ ವಿಜ್ಞಾನಿ, ಮ್ಯೂನಿಕ್ ನಗರದಲ್ಲಿ ಫಿರಂಗಿಯನ್ನು ಕೊರೆಯುವಾಗ ಹುಟ್ಟುವ ಶಾಖದಿಂದಲೇ ನೀರು ಕುದಿದುದನ್ನು ವರದಿ ಮಾಡಿದ. ಅಲ್ಲಿ ಬೆಂಕಿಯೇ ಇರಲಿಲ್ಲ. ನಮ್ಮ 36 ಜೂಲು ಕೂಡ ಕಟ್ಟಿಗೆಯನ್ನೂ ಇಳಿಜಾರನ್ನೂ ತುಸು ಬೆಚ್ಚಗೆ ಮಾಡಿ ಕುಳಿತಿತ್ತು.

ದೀಪಾವಳಿಗೆ ಧಾರವಾಡಕ್ಕೆ ಹೊರಟಾಗ ಈ ಖಾತೆ ಭೋರ್ ಘಾಟಿನಲ್ಲೂ ತೆರೆಯಿತು. 1863ರಲ್ಲಿ ಆರಂಭವಾದ ಆ ರೈಲು ಹಾದಿಯಲ್ಲಿ ಕರ್ಜತಿನಿಂದ ಲೋಣಾವಳೆಗೆ ಗಾಡಿ ಸುಮಾರು 550 ಮೀಟರ್ ಏರುತ್ತದೆ. ಕಡಿದಾದ ಕಡೆ 37 ಮೀಟರಿಗೆ ಒಂದು ಮೀಟರ್ ಏರು. ಆದುದರಿಂದಲೇ ಹಿಂದಿನಿಂದ ದೂಡಲು ಬೇರೆ ಎಂಜಿನುಗಳು. ಒಂದೊಂದು ಟನ್ ಭಾರಕ್ಕೂ 55 ಲಕ್ಷ ಜೂಲಿನ ಠೇವಣಿ! ಮರಳಿ ಬರುವಾಗ ಗಾಡಿ ಒಂದೇ ವೇಗದಲ್ಲಿ ಇಳಿದರೆ ಚಲನಶಕ್ತಿ ಹೆಚ್ಚುವುದಿಲ್ಲ. ಹಾಗಾದರೆ ಠೇವಣಿ ಎಲ್ಲಿ? ಬ್ರೇಕಿನಲ್ಲಿ ಶಾಖವಾಗಿ, ಕೆಲವು ವಿದ್ಯುತ್ ಎಂಜಿನುಗಳಲ್ಲಿ ಒಂದು ಪಾಲು ತಂತಿಗೇ ಮರಳಿ. ಎಲ್ಲವೂ ಶಾಖವಾದರೆ, ಆ ಒಂದು ಟನ್ನಿನ ಪಾಲಿನಿಂದಲೇ ಸುಮಾರು 17 ಲೀಟರ್ ತಣ್ಣೀರು ಕುದಿಯಬಹುದು.

“ಬ್ರೇಕು ಕೈಕೊಟ್ಟರೆ?” ಎಂದಳು ಮನೆಯಾಕೆ. ಹುಡುಗನೇ ಉತ್ತರ ಕೊಟ್ಟ: ಘಾಟಿನಲ್ಲಿ ಏರುಮುಖವಾದ ಕವಲು ಹಳಿಗಳಿವೆ, ತಪ್ಪಿದ ಗಾಡಿಯನ್ನು ಅತ್ತ ತಿರುಗಿಸಿದರೆ ಚಲನಶಕ್ತಿ ಮತ್ತೆ ಎತ್ತರವಾಗಿ ಠೇವಣಿಯಾಗುತ್ತದೆ. ಸೆಕೆಂಡಿಗೆ 20 ಮೀಟರ್ ವೇಗವನ್ನು 20 ಮೀಟರ್ ಎತ್ತರ ತಿಂದುಹಾಕುತ್ತದೆಂದು ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದ.

ಆಮೇಲೆ ಅವನೇ ನಮಗೆ ಪಾಠ ಹೇಳಿದ. “ಮಾಮಾ, ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟು. ರಸ್ತೆಯ ಘರ್ಷಣೆ ಮಾತ್ರ ಅಷ್ಟೇ. ಆದುದರಿಂದ ನಿಲ್ಲಲು ನಾಲ್ಕರಷ್ಟು ದೂರ ಬೇಕು. ಮಳೆಯಲ್ಲಿ ಇನ್ನೂ ಹೆಚ್ಚು. ನೀವು ಸ್ಕೂಟರನ್ನು ನಿಧಾನವಾಗಿ ಓಡಿಸಿ.” ಆಷಾಢದಲ್ಲಿ ನಾವು ಒಂದು ಸಲ ಜಾರಿ ಮೊಣಕಾಲು ಕೆತ್ತಿಕೊಂಡದ್ದು ಅವನಿಗೆ ನೆನಪಿತ್ತು. ನಾವು ಮಾತನಾಡಲಿಲ್ಲ, ಅಂದಿನಿಂದ ಕಚೇರಿಗೆ ಹತ್ತು ನಿಮಿಷ ಮೊದಲು ಹೊರಡುತ್ತೇವೆ.

ವಾರ್ಷಿಕ ಪರೀಕ್ಷೆಯಲ್ಲಿ ಅವನು ತರಗತಿಗೇ ಮೊದಲಿಗನಾದ ಎಂದರೆ ಕಟ್ಟುಕತೆಯಾದೀತು. ಪಾಸಾದ, ನೂರಕ್ಕೆ 58. ಅರ್ಜಿ ಇನ್ನೂ ಖಾನೆಯಲ್ಲಿಯೇ ಇದೆ. ಬೇಕಾದರೆ ಕೇಳು ಎಂದು ಹೇಳಿದ್ದೇವೆ; ಇದುವರೆಗೆ ಕೇಳಿಲ್ಲ.

ಮಕ್ಕಳ ಭೌತಶಾಸ್ತ್ರಕ್ಕೆ ನಾವೇನು ನೆರವಾದೇವು ಎಂದು ಹಿಂಜರಿಯುವ ತಾಯ್ತಂದೆಯರಿಗೆ ನಮ್ಮ ವಿನಂತಿ ಇಷ್ಟೇ: ಸೂತ್ರ ತಿಳಿಯದಿದ್ದರೂ ಪಕ್ಕದಲ್ಲಿ ಕುಳಿತು, ಎಷ್ಟಿತ್ತು, ಎಷ್ಟು ಉಳಿಯಿತು, ಮಿಕ್ಕಿದ್ದು ಎಲ್ಲಿ ಹೋಯಿತು ಎಂದು ಕೇಳಿರಿ. ಮನೆಯ ಖರ್ಚು ನಡೆಸುವವರಿಗೆ ಈ ಮೂರು ಪ್ರಶ್ನೆಗಳನ್ನು ಯಾರೂ ಕಲಿಸಬೇಕಾಗಿಲ್ಲ.