ಬರೆಯಲು ತಡವರಿಸುವ ಮಗುವಿಗೆ ಹೋಂವರ್ಕ್

ಪಾಠವನ್ನು ಬಾಯಲ್ಲಿ ಪಟಪಟನೆ ಹೇಳುವ ನಿಮ್ಮ ಮಗು ಬರೆಯುವಾಗ ಒತ್ತಕ್ಷರ ಬಿಡುತ್ತದೆಯೇ? ಓದುವಾಗ ಸಾಲು ತಪ್ಪುತ್ತದೆಯೇ? ಸೋಮಾರಿತನವೆಂದು ಬೈಯಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾದಂತಹ ಕಲಿಕಾ ತೊಂದರೆಯಿರಬಹುದು; ಮನಶ್ಶಾಸ್ತ್ರಜ್ಞರಿಂದ ಪರೀಕ್ಷೆಯಾಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. (ಟಾನಿಕ್ ಕೇಳುವ ಪಾಲಕರು ಬಹಳ, ಇದಕ್ಕೆ ಟಾನಿಕ್ ಇಲ್ಲ.)

ಬದಲಾಗಬೇಕಾದದ್ದು ಹೋಂವರ್ಕ್. 10 ಲೆಕ್ಕದ ಬದಲು 5 ಸಾಕು. ಸಮಾಜ, ವಿಜ್ಞಾನದ ಉತ್ತರಗಳನ್ನು ಮಗು ಬಾಯಲ್ಲಿ ಹೇಳಲಿ, ಅಥವಾ ಚಿತ್ರ ಬಿಡಿಸಿ ಹೆಸರಿಸಲಿ. ಪ್ರಶ್ನೆಯನ್ನು ನೀವೇ ಓದಿ ಹೇಳಿ. ತಪ್ಪಿದ ಪದವನ್ನು ನೂರು ಸಲ ಬರೆಸಿದರೆ ಕೈ ನೋಯುತ್ತದೆ, ಕಾಗುಣಿತ ಬರುವುದಿಲ್ಲ. ಇದನ್ನು ಮೇಷ್ಟರಿಗೂ ತಿಳಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ತೊಂದರೆಯನ್ನೂ ಒಳಗೊಂಡಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವನ್ನು ಹೇಳುತ್ತದೆ. ಪ್ರಮಾಣಪತ್ರಕ್ಕೆ ಎಸ್ಸೆಸ್ಸೆಲ್ಸಿಯವರೆಗೆ ಕಾಯಬೇಡಿ.